ಮುಂದಿನ ಸೀಟಿನ ಅಳತೆ

ಅಂಗಡಿಗೆ ಬರುವವರೆಲ್ಲ ಮೊದಲು ಬಣ್ಣ ಕೇಳುತ್ತಾರೆ. ನಾನು ನೀರು ಯಾವುದೆಂದು ಕೇಳುತ್ತೇನೆ. ಬಂಡೆಗಳ ನಡುವೆ ತಿರುಗಿಸುವವರಿಗೆ ಗಿಡ್ಡ ಕ್ಯಾನೂ ದೋಣಿ ಬೇಕು, ತಳ ಬಾಳೆಹಣ್ಣಿನ ಹಾಗೆ ಬಾಗಿರಬೇಕು. ದಿನಗಟ್ಟಲೆ ನೇರ ಹೋಗುವವರಿಗೆ ಉದ್ದನೆಯದು, ಸಪೂರವಾದದ್ದು. ಮಕ್ಕಳನ್ನೂ ಬುತ್ತಿಯನ್ನೂ ಹೇರಿಕೊಂಡು ದಡದ ಪಕ್ಕದಲ್ಲೇ ಸುತ್ತುವವರಿಗೆ ಅಗಲದ್ದು, ಚಪ್ಪಟೆ ತಳದ್ದು. ಈ ಕೊನೆಯದಕ್ಕೆ ಅಂಗಡಿಯೊಳಗೆ ನಾವಿಟ್ಟ ಹೆಸರು ಮಂಚ. ಗಿರಾಕಿಯ ಎದುರು ಹಾಗನ್ನುವುದಿಲ್ಲ. ‘ಇದು ಮಗುಚೋ ಮಾತೇ ಇಲ್ಲ’ ಎನ್ನುತ್ತೇನೆ.

ಶನಿವಾರ ಬೆಳಿಗ್ಗೆ ಅಣ್ಣ ಬಂದಾಗ ನೀರು ಯಾವುದೆಂದು ಕೇಳುವ ಅಗತ್ಯವಿರಲಿಲ್ಲ. ಮೂರು ದಿನದ ಹೊಳೆ ಪಂದ್ಯಕ್ಕೆ ಇನ್ನು ಐದು ವಾರ. ಏಳು ವರ್ಷ ಅವನು ಹಿಂದೆ, ನಾನು ಮುಂದೆ. ಹಿಂದೆ ಕೂತವನು ದೋಣಿ ತಿರುಗಿಸುತ್ತಾನೆ, ಮುಂದೆ ಕೂತವನು ಲಯ ಕೊಡುತ್ತಾನೆ. ಹೋದ ವರ್ಷ ಎರಡನೆಯ ದಿನ ನನ್ನ ಬಲಭುಜದೊಳಗೆ ಏನೋ ಹರಿಯಿತು. ಆದರೂ ಮುಗಿಸಿದೆವು. ಆಮೇಲೆ ಎಂಟು ತಿಂಗಳು ಶಾಖ ಕೊಟ್ಟು, ಎಳೆದು, ಹಲ್ಲು ಕಚ್ಚಿ ಆ ಭುಜವನ್ನು ದಾರಿಗೆ ತಂದೆ. ಮತ್ತೆ ಆ ಮುಂದಿನ ಸೀಟಿನಲ್ಲಿ ಕೂರಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಭುಜ ಹರಿದ ಮೇಲೆ ಯಾರೋ ತೆಗೆದ ಫೋಟೊ ಅಂಗಡಿಯ ಗೋಡೆಯ ಮೇಲಿದೆ. ನಾನು ಬಾಯಿ ಸೊಟ್ಟ ಮಾಡಿಕೊಂಡು ನೀರು ಎಳೆಯುತ್ತಿದ್ದೇನೆ. ಹಿಂದೆ ಅಣ್ಣ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಾಟಲಿಯೆತ್ತಿ ನೀರು ಕುಡಿಯುತ್ತಿದ್ದಾನೆ. ‘ಹಿಂದಿನವರು ಮಾವನ ಮನೆಗೆ ಹೊರಟ ಹಾಗಿದೆ’ ಎಂದು ಗಿರಾಕಿಗಳು ನಗುತ್ತಾರೆ. ಒಂದು ಕ್ಷಣದ ಫೋಟೊ ಎಂದು ನಾನೂ ನಗುತ್ತೇನೆ. ಎಷ್ಟು ಕ್ಷಣ ಎಂದು ನನಗೆ ಗೊತ್ತಿಲ್ಲ. ಮುಂದೆ ಕೂತವನ ಬೆನ್ನಿಗೆ ಕಣ್ಣಿರುವುದಿಲ್ಲ.

“ಬಂತಾ?” ಎಂದ ಅಣ್ಣ.

“ಬಂದು ಎಂಟು ದಿನ ಆಯ್ತು,” ಎಂದು ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದ, ಪಂದ್ಯಕ್ಕೆಂದು ತರಿಸಿದ ಕಪ್ಪು ಕ್ಯಾನೂ ತೋರಿಸಿ, ಚೀಟಿ ತೆಗೆದೆ.

ನಮ್ಮಲ್ಲಿ ಸೀಟು ಕೂರಿಸುವ ಮೊದಲು ಇಬ್ಬರ ತೂಕ ಬರೆಯಬೇಕು. ಮುಂದಿನವನು ಹಗುರವಾದಷ್ಟೂ ಅವನ ಸೀಟು ಮುಂದಕ್ಕೆ. ಆಗಲೇ ದೋಣಿ ನೀರಿನ ಮೇಲೆ ಸಮನಾಗಿ ಕೂರುವುದು. ಸೀಟಿನ ಬೋಲ್ಟಿಗೆಂದು ದೋಣಿಯ ಅಂಚಿಗೆ ತೂತು ಕೊರೆದರೆ ಕೊರೆದ ಹಾಗೇ. ಅದಕ್ಕೇ ಚೀಟಿಯಿಲ್ಲದೆ ಡ್ರಿಲ್ ಮುಟ್ಟಬಾರದು. ಆ ನಿಯಮ ಮಾಡಿದವನು ನಾನೇ.

“ಹಿಂದೆ?”

“ಎಂಬತ್ತೆರಡು.”

“ಸುಳ್ಳು. ಅತ್ತಿಗೆ ಕೈಯಡುಗೆ ಅಷ್ಟಕ್ಕೆಲ್ಲ ಬಿಡೋದಿಲ್ಲ.”

“ಸರಿ ಮಾರಾಯ, ಎಂಬತ್ನಾಲ್ಕು ಬರ್ಕೋ.”

“ಮುಂದೆ, ಎಪ್ಪತ್ಮೂರು,” ಎಂದು ನಾನೇ ಬರೆಯತೊಡಗಿದೆ.

“ಅರವತ್ತೊಂದು,” ಎಂದ.

ತಮಾಷೆ ಅಂದುಕೊಂಡೆ. “ಐದು ವಾರದಲ್ಲಿ ಹನ್ನೆರಡು ಕಿಲೋ ಇಳಿಸ್ಬೇಕಂದ್ರೆ ಒಂದು ಕಾಲು ಕತ್ತರಿಸ್ಬೇಕಾಗುತ್ತೆ ಅಣ್ಣ.”

ಅವನು ನಗಲಿಲ್ಲ. “ನಿಮ್ಮತ್ತಿಗೆ ತಮ್ಮ ಬರ್ತಾನೆ ಈ ಸಲ. ಬೇಜಾರು ಮಾಡ್ಕೋಬೇಡ. ನಿನ್ನ ಭುಜ...”

“ಭುಜ ಸರಿಯಾಗಿದೆ.”

“ಅಂತ ನೀನು ಹೇಳ್ತೀಯ. ಹೊಳೆ ಮಧ್ಯ ಎತ್ತು ಏರಿಗೆ, ಕೋಣ ನೀರಿಗೆ ಅಂತ ಆದ್ರೆ?”

“ಏಳು ವರ್ಷ ಆಗ್ಲಿಲ್ವಲ್ಲ.”

ಅವನು ಹಸಿರು ಬಣ್ಣದ ಅಗಲದ ದೋಣಿಯ ಹತ್ತಿರ ಹೋಗಿ, ಅದರ ಹೊಟ್ಟೆಯ ಮೇಲೆ ಎರಡು ಸಲ ತಟ್ಟಿದ. “ನಿನಗೆ ಇದು ಕೊಡಿಸೋಣ ಅಂತಿದ್ದೀನಿ, ನನ್ನ ಕಡೆಯಿಂದ. ಅಮ್ಮನ್ನ, ಮಕ್ಕಳನ್ನ ಕೂರಿಸ್ಕೊಂಡು ಆರಾಮಾಗಿ ಕೆರೆ ಸುತ್ತು. ಇದು ಮಗುಚೋ ಮಾತೇ ಇಲ್ಲ.”

ನನ್ನದೇ ಮಾತು. ಧಾಟಿಯೂ ನನ್ನದೇ. ಕೈಲಾಗದವನ ಆಸೆಯನ್ನು ಅವನಿಗೆ ನೋವಾಗದಂತೆ ಕತ್ತರಿಸುವ ಆ ಮೆತ್ತನೆಯ ದನಿಯನ್ನು ಅಣ್ಣ ಇದೇ ಅಂಗಡಿಯಲ್ಲಿ ನಿಂತು ಕಲಿತಿದ್ದ.

“ಬೇಡ. ಮನೇಲಿ ಮಂಚ ಇದೆ,” ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಕಪ್ಪು ದೋಣಿಯ ಬಟ್ಟೆಯನ್ನು ಅವನೇ ಸರಿಸಿದ. ಮುಂದಿನ ಸೀಟು ಆಗಲೇ ಕೂತಿತ್ತು. ದೋಣಿ ಬಂದ ದಿನವೇ, ಚೀಟಿಯಿಲ್ಲದೆ, ಎಪ್ಪತ್ಮೂರು ಕಿಲೋಗೆ ಸರಿಯಾಗಿ ನಾಲ್ಕು ತೂತು ಕೊರೆದಿದ್ದೆ. ಅಣ್ಣ ಒಂದು ಬೋಲ್ಟಿನ ಮೇಲೆ ಬೆರಳಿಟ್ಟ.

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ಯಲ್ಲೋ,” ಎಂದ. ಸ್ವಲ್ಪ ಹೊತ್ತು ನೆಲ ನೋಡಿದ. ಕ್ಷಮೆ ಕೇಳುತ್ತಾನೇನೋ ಎಂದುಕೊಂಡೆ.

“ಬದಲಾಯ್ಸೋಕಾಗುತ್ತಾ?”

“ಆಗುತ್ತೆ. ಹಳೆ ತೂತು ಉಳಿಯುತ್ತೆ.”

“ಅದರಿಂದ ಬಲ ಕಡಿಮೆಯಾಗಲ್ಲ ತಾನೆ?”

“ಆಗಲ್ಲ.”

ಅವನು ಹೋದ ಮೇಲೆ ಸೀಟು ಬಿಚ್ಚಿದೆ. ಅರವತ್ತೊಂದಕ್ಕೆ ಅದು ಒಂದು ಗೇಣು ಮುಂದೆ ಹೋಗಬೇಕು. ಇನ್ನು ನಾಲ್ಕು ಬೆರಳು ಹೆಚ್ಚಿಗೆ ಸರಿಸಿದ್ದರೆ ದೋಣಿ ಮೂಗನ್ನು ನೀರಿಗೆ ಒತ್ತಿ, ಮೂರು ದಿನವೂ ಎಮ್ಮೆಯ ಹಾಗೆ ಮೊಂಡು ಹಿಡಿಯುತ್ತಿತ್ತು. ಅವರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರೇ ಹೊರತು ಯಾರಿಗೂ ಕಾರಣ ಹೊಳೆಯುತ್ತಿರಲಿಲ್ಲ. ಪೆನ್ಸಿಲ್ಲಿನ ಮೊನೆ ಆ ಜಾಗದಲ್ಲಿ ಒಂದಿಷ್ಟು ಹೊತ್ತು ನಿಂತಿತ್ತು ಕೂಡ. ಆದರೆ ಹನ್ನೊಂದು ವರ್ಷ ಸರಿಯಾಗಿ ಕೊರೆದ ಕೈ; ಯಜಮಾನನಾದ ನನ್ನ ಮಾತನ್ನೇ ಕೇಳಲಿಲ್ಲ. ಸೀಟು ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಹಳೆಯ ತೂತುಗಳಿಗೆ ಅಂಟು ತುಂಬಿದೆ. ಕಪ್ಪು ಅಂಚಿನ ಮೇಲೆ ನಾಲ್ಕು ಬೂದು ಚುಕ್ಕೆಗಳು.

ಸೋಮವಾರ ಅತ್ತಿಗೆಯ ತಮ್ಮ ಬಂದ. ಸೀಟು ಹೊಂದುತ್ತದೆಯೇ ನೋಡಲು ದೋಣಿಯನ್ನು ನೆಲದ ದಿಂಬುಗಳ ಮೇಲಿಟ್ಟು ಅವನನ್ನು ಕೂರಿಸಿದೆ. ಒಳ್ಳೆಯವನು. ಶೂ ಹೊರಗೇ ಬಿಟ್ಟು ಬಂದಿದ್ದ.

“ಈ ಚುಕ್ಕೆಗಳೇನು?”

“ಮೊದಲು ಅಳತೆ ತಪ್ಪಿತ್ತು.”

ಅವನು ಸೀಟಿನ ಮೇಲೆ ಆ ಕಡೆ ಈ ಕಡೆ ಸರಿದು ನೋಡಿದ. “ಮುಂದೆ ಕೂತೋನು ಏನು ನೆನಪಿಟ್ಕೋಬೇಕು? ಭಾವ ನಿಮ್ಮನ್ನೇ ಕೇಳು ಅಂದ್ರು.”

ಫೋಟೊ ಅವನ ಬೆನ್ನ ಹಿಂದೆ, ನಾಲ್ಕೇ ಮಾರು ದೂರದಲ್ಲಿತ್ತು. ಅದನ್ನು ಬೆರಳು ಮಾಡಿ ತೋರಿಸಿದ್ದರೆ ಸಾಕಿತ್ತು. ನಾನು ಅವನ ಭುಜಗಳನ್ನು ನೋಡಿದೆ. ಎರಡೂ ಗಟ್ಟಿಯಾಗಿದ್ದವು.

ಮೊದಲ ವರ್ಷ ಅಣ್ಣ ನನಗೆ ಹೇಳಿದ್ದ ಮಾತನ್ನೇ ಹೇಳಿದೆ. “ಹಿಂದೆ ತಿರುಗಿ ನೋಡ್ಬೇಡ. ದೋಣಿ ಅಲುಗುತ್ತೆ.”

ಅವನು ಶ್ರದ್ಧೆಯಿಂದ ತಲೆಯಾಡಿಸಿ, ಫೋಟೊ ಇದ್ದ ಗೋಡೆಗೆ ಬೆನ್ನು ಮಾಡಿ, ನೆಟ್ಟಗೆ ಕೂತ.