ಕೆಳಗಿನ ಓಣಿಗೂ ಹೇಳಬೇಕು

ಫ್ಯಾನು ಕಿರ್ರ್ ಎನ್ನುತ್ತಿದೆ, ಮುಂದಿನ ಬೆಂಚಿನ ಹುಡುಗಿಯ ಜಡೆಯಿಂದ ಕೊಬ್ಬರಿ ಎಣ್ಣೆಯ ವಾಸನೆ, ಇವಳಿಗೆ ಹದಿನಾರಿರಬೇಕು, ಭಾಗೀರಥಿಗೆ ಮೂವತ್ತರ ಹತ್ತಿರ, ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಸವದತ್ತಿಗೆ ಬಂದು ಕೂತಿದ್ದು ಇದು ಮೂರನೇ ಸಲ — ಪಾಸಾದರೆ ಮುರಗೋಡದಲ್ಲಿ ತಮ್ಮ ಓಣಿಯ ಅಂಗನವಾಡಿಗೇ ಸಹಾಯಕಿ, ಆಗದಿದ್ದರೆ ಮತ್ತೆ ಅದೇ ಹೊಲದ ಕಸ ಕೀಳುವುದು — ಉಳಿದದ್ದೆಲ್ಲ ಬರೆದಾಯಿತು, ಪಾಸಿಗೆ ಈ ಒಂದು ಲೆಕ್ಕ ಬೇಕೇ ಬೇಕು, ಸುಲಭೀಕರಿಸಿ, ಎಕ್ಸ್ ಧನಸಂಖ್ಯೆ, ವರ್ಗಮೂಲದ ಸೂರಿನಡಿ ಮೇಲೆ ಹನ್ನೆರಡು ಎಕ್ಸ್ ಘನ, ಕೆಳಗೆ ಇಪ್ಪತ್ತೇಳು ಎಕ್ಸ್, ಅಯ್ಯ ಶಿವನೇ, ಒಂದು ಸೂರಿಗೆ ಎಷ್ಟು ಮಂದಿ! ಅಂಜಬ್ಯಾಡವಾ ತಂಗೀ, ನೆನಪಿನಲ್ಲಿ ಓಣಿಯ ಲಕ್ಕಪ್ಪ ಮಾಸ್ತರು ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಾರೆ, ಮನಿಗೊಬ್ರು ಊಟಕ್ಕ ಬರ್ರಿ ಅಂತ ಹೇಳತೀವಿಲ್ಲೋ, ಇಲ್ಲಿ ಜೋಡಿಗೊಬ್ರು, ಒಂಟಿ ಇದ್ದವರು ಒಳಗ ಕುಂತಿರ್ಲಿ. ಹನ್ನೆರಡೆಂದರೆ ಎರಡು, ಎರಡು, ಮೂರು, ಎಕ್ಸ್ ಘನವೆಂದರೆ ಮೂರು ಎಕ್ಸ್ — ಎರಡರ ಜೋಡಿಯಿಂದ ಒಂದು ಎರಡು ಹೊರಗೆ, ಎಕ್ಸ್‌ಗಳ ಜೋಡಿಯಿಂದ ಒಂದು ಎಕ್ಸ್ ಹೊರಗೆ, ಬರ್ರಿ, ಬರ್ರಿ, ಒಳಗೆ ಒಂಟಿ ಮೂರು, ಒಂಟಿ ಎಕ್ಸ್, ಮುಗೀತಲ್ಲ, ಇನ್ನು ಕೆಳಗೆ ಇಪ್ಪತ್ತೇಳು ಎಕ್ಸ್ ಹಾಗೇ ಇಳಿಸಿದರೆ — ಏ, ತಡಿ.

ಅತ್ತೆ ಶೆಟ್ಟೆವ್ವ ಟೊಂಕದ ಮೇಲೆ ಕೈಯಿಟ್ಟು ಕಣ್ಣ ಮುಂದೆ ನಿಂತೇಬಿಟ್ಟಳು, ಮಗನ ಮೊದಲ ಕೂದಲು ತೆಗೆಸಿದ ಜವಳದ ದಿನ, ಊಟಕ್ಕೆ ಹೇಳಿ ಬಾರವಾ ಎಂದು ಕಳಿಸಿದರೆ ಭಾಗೀರಥಿ ಮೇಲಿನ ಓಣಿಗಷ್ಟೇ ಹೇಳಿ, ಮನೆಮನೆಯಲ್ಲೂ ಚಹಾ ಕುಡಿದು, ಹರಟೆ ಹೊಡೆದು ವಾಪಸ್ ಬಂದಿದ್ದಳು, ಹೋಳಿಗೆ ಬುಟ್ಟಿಗಟ್ಟಲೆ ಉಳಿದಿತ್ತು, ಕೆಳಗಿನ ಓಣಿ ಮಂದಿ ಏನ್ ಪಾಪಾ ಮಾಡ್ಯಾರ ನಮ್ಮವ್ವಾ, ಅವರಿಗೇನು ಹೊಟ್ಟಿ ಇಲ್ಲೇನು? ಆಮೇಲೆ ಅತ್ತೆ ಸೊಸೆ ಬುಟ್ಟಿ ಹೊತ್ತು ಆ ಓಣಿಯೆಲ್ಲ ತಿರುಗಿದ್ದು, ಜನ ಹೋಳಿಗೆ ತಿಂದು ನಕ್ಕಿದ್ದೇ ನಕ್ಕಿದ್ದು — ಹೋದ ಎರಡು ಸಲವೂ ಇದೇ ಅಲ್ಲವೇ ಆದದ್ದು, ಅಂಶಕ್ಕೆ ಹೇಳಿ ಛೇದಕ್ಕೆ ಹೇಳದೆ ಬಂದದ್ದು, ಎರಡು ಸಲವೂ ಡುಮ್ಕಿ, ಹುಚ್ಚಿ, ಛೇದವೂ ಅದೇ ಸೂರಿನಡಿ ಐತಲ್ಲ! ಬರ್ರಿ ಕೆಳಗಿನವರೂ, ಮೂರು ಮೂರು ಮೂರು ಎಕ್ಸ್, ಜೋಡಿಯಿಂದ ಒಂದು ಮೂರು ಹೊರಗೆ, ಒಳಗೆ ಒಂಟಿ ಮೂರು, ಒಂಟಿ ಎಕ್ಸ್ — ಅರೇ, ಮೇಲೆ ಉಳಿದವರೂ ಇವರೇ, ಕೆಳಗೆ ಉಳಿದವರೂ ಇವರೇ, ಹೊಡಿ ಮೂರಕ್ಕೆ ಮೂರು, ಹೊಡಿ ಎಕ್ಸ್‌ಗೆ ಎಕ್ಸ್, ಸೂರಿನಡಿ ಯಾರೂ ಇಲ್ಲ, ಸೂರೇ ಬೇಡ, ಮೇಲೆ ಎರಡು ಎಕ್ಸ್, ಕೆಳಗೆ ಮೂರು, ಇಷ್ಟೇ? ಇಷ್ಟೇ! ಭಾಗೀರಥಿಗೆ ನಗು ತಡೆಯಲಾಗುತ್ತಿಲ್ಲ, ಯಾಕ್ರೀ ಅಕ್ಕಾರ, ಮೇಲ್ವಿಚಾರಕಿ ತಿರುಗಿ ನೋಡಿದಳು, ಏನಿಲ್ರೀ ಮೇಡಂ — ಏನು ಹೇಳುವುದು, ಬೆಳಿಗ್ಗೆ ಬಸ್ಸಿನ ಕಿಟಕಿಗೆ ಬುತ್ತಿ ಕೊಡುತ್ತ ಗಂಡ ಶಿವಲಿಂಗ, ನೀ ಹೋಗಿ ಬಾ, ಹುಡುಗನ್ನ ನಾ ನೋಡ್ಕೋತೇನಿ ಅಂದಿದ್ದ, ಜೋಡಿಯಲ್ಲಿ ಒಬ್ಬರು ಮನೆಯಲ್ಲಿ, ಒಬ್ಬರು ಹೊರಗೆ, ಮೇಲೆ ಸೂರಿಲ್ಲದೆ, ಬಿಳಿ ಹಾಳೆಯ ಬಯಲಿನಲ್ಲಿ, ಎಕ್ಸ್, ಕಾಲು ಅಗಲಿಸಿ, ಎರಡೂ ಕೈ ಎತ್ತಿ ನಿಂತ ಎಕ್ಸ್.