ಹಿದುಕದೆ ಉಳಿದ ಅವರೆ

"ಎದ್ದೇಳ್ಲಾ ಮೇಲೆ! ಇನ್ನೊಂದು ಮಾತು ಬಾಯಿಂದ ಬಂದ್ರೆ ಈ ಅವರೆ ನೀರು ತಲೆ ಮೇಲೆ ಸುರುದ್ಬುಡ್ತೀನಿ!"

"ನಾನೇನಂದೆ ಅತ್ತಿಗೆ? ಇರೋದು ಹೇಳ್ದೆ. ಅವಳತ್ತೆ ಕರಿಯಾಕಿಲ್ಲ, ಅರ್ಪಿತ ಹೋಗೇ ಹೋಗ್ತಾಳೆ. ಆರು ತಿಂಗಳಾದ್ಮೇಲೆ ಕೂದಲು ಕತ್ತರಿಸ್ಕಂಡು, ಕಲೆಕ್ಟರಾಗಿ, ಕಾರಲ್ಲಿ ಬತ್ತಾಳೆ. ದೀಪಾವಳಿ ದಿನ ದೀಪ ಆರೋಯ್ತಲ್ಲ, ಅದೇ ಸುಳಿವು. ಫೋನಲ್ಲಿ ನಾಕು ಜನ ಇದ್ನೇ ಅಂತಾವ್ರೆ."

"ಆ ನಾಕು ಜನದ ಮನೆಗೇ ಹೋಗಿ ಕೂತ್ಕೋ, ಹೋಗು!"

ಕೂಗಿದವಳು ನಾನೇ. ಕೂಗಿಸಿಕೊಂಡವನು ಚಿಕ್ಕಸ್ವಾಮಿ, ನನ್ನ ಗಂಡನ ತಮ್ಮ. ಶೀಳನೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಮನೆಯಲ್ಲಿ ಹೆಂಡತಿ ಬಾಯಿ ತೆಗೆಯೋಕೆ ಬಿಡುವುದಿಲ್ಲ. ಅದಕ್ಕೇ ಸಂಜೆ ಆರೂವರೆಗೆ ಸರಿಯಾಗಿ ನಮ್ಮ ಟೀವಿ ಮುಂದೆ ಬಂದು ಬಾಯಿ ತೆಗೆಯುತ್ತಿದ್ದ. ಯಾರು ಯಾರ ಮಗಳು, ಯಾವ ಸೀರೆ ಉಟ್ಟ ದಿನ ಯಾರು ಸಾಯುತ್ತಾರೆ, ಮೂಗುತಿ ಎಡದಿಂದ ಬಲಕ್ಕೆ ಯಾಕೆ ಹೋಯಿತು, ಎಲ್ಲ ಫೋನು ನೋಡಿಕೊಂಡು ಹೇಳುತ್ತಿದ್ದ. ಅವನು ಹೇಳಿದ್ದು ಸುಳ್ಳಾದರೂ ಆಟ ಕೆಡುತ್ತಿತ್ತು, ನಿಜವಾದರೂ ಕೆಡುತ್ತಿತ್ತು. ಸಾಯುವವಳು ಸಾಯುವ ಮೊದಲೇ ನಾವು ಅತ್ತು ಮುಗಿಸಿರುತ್ತಿದ್ದೆವು.

ನನಗೆ ಸಿಟ್ಟು ಜಾಸ್ತಿ. ಊರೇ ಹೇಳುತ್ತೆ, ನಾನೂ ಒಪ್ಪುತ್ತೇನೆ. ಆದರೆ ಆ ದಿನದ ಸಿಟ್ಟಿಗೆ ಬೇರೆ ಕಾರಣ ಇತ್ತು.

ನಮ್ಮ ಅತ್ತೆ ಕುಳ್ಳಮ್ಮ ಮತ್ತು ನಾನು ಮಾತಾಡುವುದು ಕಮ್ಮಿ. ಹಸುಗೆ ಬೂಸಾ ಇಟ್ಟೆಯಾ, ನೀರು ಬಂತಾ, ಅಷ್ಟೇ. ಡೈರಿಗೆ ಹಾಲು ಹಾಕಿ ಬಂದ ಮೇಲೆ ಧಾರಾವಾಹಿಯ ಆ ಅರ್ಧ ಗಂಟೆ ಮಾತ್ರ ಇಬ್ಬರೂ ಒಂದೇ ಚಾಪೆ ಮೇಲೆ ಕೂರುತ್ತೇವೆ. ಅವರೆಕಾಯಿ ಕಾಲದಲ್ಲಿ ನಡುವೆ ನೆನೆಸಿದ ಅವರೆ ಪಾತ್ರೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಜಾಹೀರಾತು ಬಂದಾಗ ಹಿದುಕುವುದು, ಕಥೆ ಬಂದಾಗ ಕೈ ನಿಲ್ಲಿಸುವುದು. ಕಾಳು ಜಾಸ್ತಿ ಉಳಿದರೆ ಆವತ್ತು ಧಾರಾವಾಹಿ ಚೆನ್ನಾಗಿತ್ತು ಅಂತ ಅರ್ಥ. ಊಟಕ್ಕೆ ಬಂದ ನನ್ನ ಗಂಡ ನಿಂಗರಾಜು ಪಾತ್ರೆ ನೋಡಿ, "ಏನು, ಇವತ್ತು ಭಾರೀ ಇತ್ತಾ?" ಅನ್ನುತ್ತಿದ್ದ. ಚಿಕ್ಕಸ್ವಾಮಿ ಬಂದು ಕೂರೋಕೆ ಶುರು ಮಾಡಿದ ಮೇಲೆ ಒಂದು ಕಾಳೂ ಉಳಿದಿರಲಿಲ್ಲ. ಮುಂದೆ ಏನು ಅಂತ ಗೊತ್ತಾದ ಮೇಲೆ ಕೈ ಯಾಕೆ ನಿಲ್ಲುತ್ತದೆ?

ಆ ವಾರ ಧಾರಾವಾಹಿಯ ಸೊಸೆ ಅರ್ಪಿತ ಅತ್ತೆಯ ಹತ್ತಿರ ಜಗಳವಾಡಿ, ಬ್ಯಾಗು ಹಿಡಿದು ಹೊರಟಿದ್ದಳು. ಸೋಮವಾರ ಹೊರಟವಳು ಬುಧವಾರ ಆದರೂ ಹೊಸಿಲಲ್ಲೇ ನಿಂತಿದ್ದಳು. ಅತ್ತೆ ಕರೆಯುತ್ತಾಳೋ ಇಲ್ಲವೋ, ಅದೇ ಮೂರು ದಿನದ ಕಥೆ.

ನಾನೂ ಹಾಗೇ ಹೊರಟಿದ್ದೆ, ಮದುವೆಯಾದ ಮೂರನೇ ವರ್ಷ. ಎಮ್ಮೆ ಹಗ್ಗ ಬಿಚ್ಚಿಕೊಂಡು ಅಂಗಳದಲ್ಲಿ ಒಣಹಾಕಿದ್ದ ರಾಗಿ ತಿಂದುಬಿಟ್ಟಿತ್ತು. ಅತ್ತೆಯ ಬೈಗುಳ ನನ್ನ ಅಪ್ಪನ ಮನೆ ತನಕ ಹೋಯಿತು. ನಾನು ವೈರ್ ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ನಾಗಮಂಗಲದ ಬಸ್ಸಿಗೆ ಅಂತ ಸ್ಟಾಪಿನಲ್ಲಿ ಹೋಗಿ ಕೂತೆ. ಎರಡು ಬಸ್ಸು ಬಿಟ್ಟೆ. ಯಾರೂ ಕರೆಯೋಕೆ ಬರಲಿಲ್ಲ. ನಾಚಿಕೆ ಬಿಟ್ಟು ನಾನೇ ವಾಪಸ್ ಬಂದೆ. ಅತ್ತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಲೆ ಮುಂದೆ ಕೂತಿದ್ದರು, ತಿರುಗಿಯೂ ನೋಡಲಿಲ್ಲ. ಇಪ್ಪತ್ತಾರು ವರ್ಷ ಆಯಿತು. ಕರೆಯಲಿಲ್ಲ ಅನ್ನೋದು ನನ್ನೊಳಗೆ ಮುಳ್ಳಿನ ಹಾಗೆ ಇತ್ತು.

ಬುಧವಾರ ಮೊದಲ ಜಾಹೀರಾತು ಬಂತು. ಅತ್ತೆ ಕೈ ಒರೆಸಿಕೊಂಡರು. ನನ್ನ ಕಡೆ ನೋಡದೆ, "ಆವತ್ತು ನೀನು ಹೋದಾಗ ನಾನೂ..." ಅಂದರು.

ನಾನು ಅವರ ಕಡೆ ತಿರುಗಿದೆ. ಅಷ್ಟರಲ್ಲಿ ಈ ಮಹಾನುಭಾವ ಫೋನು ಎತ್ತಿ ಹಿಡಿದು, "ಅವ್ವ, ಇದು ಕೇಳು" ಅಂದ. ಕಲೆಕ್ಟರು, ಕಾರು, ಆರಿದ ದೀಪ. ಅತ್ತೆ ಬಾಯಿ ಮುಚ್ಚಿಕೊಂಡು ಮತ್ತೆ ಕಾಳಿಗೆ ಕೈ ಹಾಕಿದರು. ಆಗ ಕೂಗಿದ್ದು ನಾನು.

"ನಾಳೆಯಿಂದ ಈ ಟೀವಿ ಮುಂದೆ ಕೂತ್ರೆ ನಾನು ಚಿಕ್ಕಸ್ವಾಮಿನೇ ಅಲ್ಲ!" ಅಂತ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಆಮೇಲೆ ಆರೂವರೆಗೆ ಬಂದಿಲ್ಲ. ಮಾರನೇ ದಿನ ಹಿದುಕಬೇಳೆ ಸಾರು ಕಳಿಸಿದೆ. ತಿಂದು, ಡಬ್ಬಿ ತೊಳೆದು ಕಳಿಸಿದ. ಅವನ ಮೇಲೆ ನನಗೆ ಈಗ ಕೋಪ ಇಲ್ಲ. ಅವನು ಹೋಗದಿದ್ದರೆ ಅತ್ತೆ ಹೇಳುತ್ತಿರಲಿಲ್ಲ.

"ಹೋಗ್ಲಿ ಬುಡು," ಅಂದರು ಅತ್ತೆ, ಅವನು ಹೊರಟ ಕೂಡಲೇ. "ಧೈರ್ಯ ಇದ್ರೆ ಅವನೆಂಡ್ರು ಮುಂದೆ ಹೇಳ್ಕಳ್ಳಲಿ ಕಲೆಕ್ಟರ್ ಕಥೆಯ."

ಸೋಪಿನ ಜಾಹೀರಾತು ನಡೆಯುತ್ತಿತ್ತು.

"ಅದೇನೋ ಹೇಳ್ತಿದ್ರಿ," ಅಂದೆ.

"ಏನಿಲ್ಲ."

"ಹೇಳಿ ಅಂದ್ರೆ!"

"ನನ್ ಮೇಲೂ ಅರಚ್ಬೇಡ ಕಣಮ್ಮಿ. ನಿನ್ನ ಹಿಂದೇನೇ ಬಂದಿದ್ದೆ ಆವತ್ತು. ಡೈರಿ ಗೋಡೆ ಮರೇಲಿ ನಿಂತಿದ್ದೆ. ಮೊದಲ್ನೇ ಬಸ್ಸು ಬಂತು, ನೀ ಏಳಲಿಲ್ಲ. ಎರಡ್ನೇದಕ್ಕೆ ಬ್ಯಾಗು ಎತ್ಕಂಡೆ, ನನ್ನೆದೆ ಧಸಕ್ ಅಂತು. ಮತ್ತೆ ನೀನೇ ಇಳಿಸ್ದೆ. ನೀ ಬಸ್ಸಿನ ಮೆಟ್ಟಿಲ ಮೇಲೆ ಕಾಲು ಮಡಗಿದ್ರೆ ನಾ ಕೂಗ್ಬುಡ್ತಿದ್ದೆ."

"ಮುಂದೆ ಬಂದು ಕರೀಬಾರದಾಗಿತ್ತಾ?"

"ಕರುದ್ರೆ ನಾನು ಸೋತಂಗಲ್ವಾ? ನೀನು ಊರ ಕಡೆ ತಿರುಗಿದ್ದೇ ತಡ, ನಾಲೆ ಏರಿ ಮೇಲೆ ಓಡ್ಬಂದು ಹಿಟ್ಟಿಗೆ ಎಸರಿಟ್ಟೆ. ಹಸಿದಿರ್ತೀಯ ಅಂತ. ಆ ಅವಸರದಲ್ಲಿ ಬೆರಳು ಸುಟ್ಕಂಡೆ. ನೀನು ಏನಾಯ್ತು ಅಂತ ಕೇಳ್ಲೂ ಇಲ್ಲ, ಮೂದೇವಿ."

ನಾನು ಅವರ ಕೈ ಹಿಡಿದುಕೊಂಡೆ. ಬಲಗೈ ತೋರುಬೆರಳಲ್ಲಿ ಗುರುತು ಇನ್ನೂ ಇತ್ತು. ಇಷ್ಟು ವರ್ಷ ಆ ಬೆರಳಿನ ಪಕ್ಕದಲ್ಲೇ ಕೂತು ಅವರೆ ಹಿದುಕಿದ್ದೆ. ಕಾಳಿನ ನೀರು ಇಬ್ಬರ ಕೈಯಿಂದಲೂ ತೊಟ್ಟಿಕ್ಕುತ್ತಿತ್ತು.

"ಬುಡು, ಬಂತು ನೋಡು," ಅಂದರು.

ಬಂತು. ಅರ್ಪಿತ ಹೊಸಿಲು ದಾಟಿದಳು. ಆ ಹುಡುಗಿಯ ನಿಜವಾದ ಹೆಸರು ನನಗೆ ಗೊತ್ತಿಲ್ಲ, ಎಲ್ಲಿಯವಳೋ ಗೊತ್ತಿಲ್ಲ. ಅವಳು ಮೂರು ದಿನ ಬಾಗಿಲಲ್ಲಿ ನಿಂತಿದ್ದಕ್ಕೆ ನನ್ನ ಇಪ್ಪತ್ತಾರು ವರ್ಷದ ಮುಳ್ಳು ಹೋಯಿತು. ಅವಳು ತಣ್ಣಗಿರಲಿ.

"ಕರಿಯೇ ಅವಳ್ನ! ಕರಿಯೇ ಮುಂಡೆ!" ಅಂತ ನಮ್ಮ ಅತ್ತೆ ಟೀವಿಯ ಅತ್ತೆಗೆ ಬೈದರು. ನಾನೂ ಬೈದೆ. ನಮ್ಮಿಬ್ಬರ ಕೈಯೂ ನಿಂತಿತ್ತು. ಅರ್ಧ ಪಾತ್ರೆ ಅವರೆ ಹಾಗೇ ಉಳಿದಿತ್ತು.

ಟೀವಿಯ ಅತ್ತೆ ಬಾಯಿ ತೆರೆದಳು, ಮುಚ್ಚಿದಳು. ಕರೆಯಲಿಲ್ಲ. ಅರ್ಪಿತ ಗೇಟು ದಾಟಿ, ತಿರುಗಿ ನೋಡದೆ ಹೋದಳು. ಗೌರಿ ಹಬ್ಬ ಕಳೆಯಿತು, ಕಾರೂ ಬರಲಿಲ್ಲ, ಕಲೆಕ್ಟರೂ ಬರಲಿಲ್ಲ. ಅವಳು ಮತ್ತೆ ಬರಲೇ ಇಲ್ಲ.