ಗುಣವಾದ ಮೇಲೆ ಬರತಕ್ಕದ್ದು

ಕೆಮ್ಮು ಎದೆಯಿಂದ ಹೊರಟು ಗಂಟಲಿಗೆ ಬಂದು ನಿಂತಿತ್ತು. ಉಶ್ ಸಾಹೇಬರು ತುಟಿ ಬಿಗಿದು, ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಕುಳಿತರು. ಕಣ್ಣಲ್ಲಿ ನೀರಾಡಿತು, ಕಿವಿ ಕೆಂಪಾಯಿತು. ವಾಚನಾಲಯದಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ಇಷ್ಟು ವರ್ಷ ಜನರನ್ನು ಉಶ್ ಎಂದು ಗದರಿಸಿ ಗದರಿಸಿ ಅವರೇ ಬೆಳೆಸಿದ ಮೌನ ಅದು.

ಅವರು ಅಲ್ಲಿಯ ಮೇಲ್ವಿಚಾರಕರು. ಉಶ್ ಸಾಹೇಬರು ಎಂಬುದು ಓದುಗರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಓದುಗರ ಮೇಲೆ ಅವರಿಗೆ ಕವಡೆ ಕಾಸಿನ ಗೌರವವಿರಲಿಲ್ಲ. ಬೆರಳು ನೆಕ್ಕಿ ಪುಟ ತಿರುವುವವರು, ಪುಸ್ತಕ ತೆರೆದಿಟ್ಟು ತೂಕಡಿಸುವವರು, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬಾಗಿಲು ತೆಗೆಯುವ ಮೊದಲೇ ಬಂದು ಕಾಯುವವರು. ಈ ಮುಖಗಳಿಗೆ ಓದೊಂದು ಕೇಡು ಎಂಬುದು ಅವರ ಖಚಿತ ಅಭಿಪ್ರಾಯ. ಎಲ್ಲರಿಗಿಂತ ಹೆಚ್ಚಿನ ಅಸಹ್ಯ ಕೆಮ್ಮುವವರ ಮೇಲೆ. ಬಾಗಿಲ ಪಕ್ಕದ ಹಲಗೆಯಲ್ಲಿ ಅವರೇ ದಪ್ಪಕ್ಷರದಲ್ಲಿ ಬರೆಸಿದ್ದರು: 'ಕೆಮ್ಮು ಇರುವವರು ಗುಣವಾದ ಮೇಲೆ ಬರತಕ್ಕದ್ದು.'

ಹೋದ ಚಳಿಗಾಲದಲ್ಲಿ ಆ ಹಲಗೆ ತೋರಿಸಿಯೇ ಒಬ್ಬ ಮುದುಕ ಡ್ರೈವರನ್ನು ಎಬ್ಬಿಸಿದ್ದರು. ಬಸ್ಸು ಓಡಿಸಿ ನಿವೃತ್ತನಾದವನು. ದಿನವೂ ಬಂದು ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದ. "ಜ್ವರ ಇಲ್ಲ ಸಾರ್, ನೆಗಡಿನೂ ಹೋಯ್ತು. ಬರೀ ಕೆಮ್ಮು ಉಳ್ಕೊಂಡಿದೆ," ಎಂದಿದ್ದ.

"ಉಳ್ಕೊಂಡಿರೋದನ್ನ ಮನೇಲೇ ಇಟ್ಕೊಳ್ಳಿ," ಎಂದಿದ್ದರು ಸಾಹೇಬರು. ಕೋಣೆಯಿಡೀ ಕಿಸಕ್ಕನೆ ನಕ್ಕಿತ್ತು. ಆ ನಗುವಿಗೆ ಮಾತ್ರ ಅವರು ಉಶ್ ಎಂದಿರಲಿಲ್ಲ.

ಈಗ ಅವರದೇ ನೆಗಡಿ ವಾಸಿಯಾಗಿ ಮೂರು ವಾರ. ಕೆಮ್ಮು ಮಾತ್ರ, ಹೊರಡುವ ಮಾತೇ ಎತ್ತದ ನೆಂಟನ ಹಾಗೆ ಬೀಡುಬಿಟ್ಟಿತ್ತು. ಡಾಕ್ಟರಮ್ಮ ಎದೆ, ಬೆನ್ನು ಪರೀಕ್ಷಿಸಿ, "ಎದೆಯಲ್ಲೇನೂ ಇಲ್ಲ. ನೆಗಡಿ ಆದ ಮೇಲೆ ಕೆಲವರಿಗೆ ಹೀಗೆ ಉಳಿಯುತ್ತೆ. ಬಿಸಿನೀರು ಕುಡೀತಿರಿ, ತಾನಾಗೇ ಹೋಗುತ್ತೆ," ಎಂದಿದ್ದರು.

"ಯಾವಾಗ?"

"ಇನ್ನೂ ಕೆಲವು ವಾರ ಹಿಡೀಬಹುದು. ಜಾಸ್ತಿ ಆದ್ರೆ ಬನ್ನಿ."

ಬಿಸಿನೀರು ಕುಡಿ ಎನ್ನಲು ಇಷ್ಟೆಲ್ಲ ಓದಬೇಕಿತ್ತೇ ಎಂದು ಸಾಹೇಬರು ದಾರಿಯುದ್ದಕ್ಕೂ ಮೂಗು ಮುರಿದಿದ್ದರು.

ರಜಾ ಹಾಕುವ ಮಾತೇ ಇರಲಿಲ್ಲ. ಮನೆಯೆಂದರೆ ತಮ್ಮನ ಮನೆ. ಅಲ್ಲಿ ಕೋಣೆಗೊಂದು ಟಿವಿ, ಒಂದು ಇನ್ನೊಂದನ್ನು ಮೀರಿ ಅರಚುತ್ತಿತ್ತು. ಟಿವಿಗಳನ್ನು ಮೀರಿ ತಮ್ಮನ ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದಳು. ಸಾಹೇಬರ ಪಾಲಿಗೆ ಇದ್ದದ್ದು ನಡುಮನೆಯ ಮೂಲೆಯಲ್ಲಿ ಒಂದು ಮಂಚ. ಅವರದು ಎಂದು ಹೇಳಿಕೊಳ್ಳುವ ಜಾಗ ಈ ಕೋಣೆ, ಈ ಕುರ್ಚಿ. ಇದೂ ಹೋದರೆ ಅವರಿಗೆ ಇಡೀ ಊರಿನಲ್ಲಿ ನೆಮ್ಮದಿಯಾಗಿ ಕೂರಲು ಒಂದು ಮೂಲೆಯೂ ಇರಲಿಲ್ಲ.

ಕೆಮ್ಮು ಒಡೆಯಿತು. ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಕೈ ತಾಗಿ ಪೆನ್ನಿನ ಡಬ್ಬಿ ಉರುಳಿ, ಪೆನ್ನುಗಳೆಲ್ಲ ನೆಲದ ಪಾಲಾದವು. ತಲೆಗಳು ಒಂದೊಂದಾಗಿ ಮೇಲೆದ್ದವು. ಹುಬ್ಬು ಗಂಟಿಕ್ಕಿ, ತುಟಿಯ ಒಂದು ಕೊನೆಯನ್ನು ಕೆಳಗೆಳೆದು ನೋಡುವ ಆ ನೋಟ ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವರದೇ. ಇಷ್ಟು ಪುಸ್ತಕಗಳ ನಡುವೆ ಕೂತು ಈ ಮೂಢರು ಕಲಿತದ್ದು ಇದೊಂದನ್ನೇ.

ಅವರ ಕೈಕೆಳಗೇ ಕೂದಲು ನೆರೆತ ಸಹಾಯಕಿ ಬಿಸಿನೀರಿನ ಲೋಟ ತಂದಿಟ್ಟಳು. "ಸಾರ್, ಪರೀಕ್ಷೆಗೆ ಓದೋರು ಗೊಣಗ್ತಿದಾರೆ. ನಿಮ್ಮ ಹತ್ರ ಹೇಳೋಕೆ ಭಯ, ನನ್ನ ಹತ್ರ ಬರ್ತಾರೆ."

"ಏನಂತೆ?"

ಅವಳ ಕಣ್ಣು ಹಲಗೆಯ ಕಡೆ ಹೋಗಿ ಬಂತು. "ಸಾಹೇಬ್ರಿಗೆ ಆ ನಿಯಮ ಎಲ್ಲ ಇಲ್ಲ ಅಂತ ನಾನೇ ಹೇಳಿ ಕಳಿಸಿದೆ. ಹಿಂದೆ ಹರಿದ ಪುಸ್ತಕ ಇಡೋ ರೂಮಲ್ಲಿ ಒಂದು ಕುರ್ಚಿ ಹಾಕಿಸ್ಲಾ?"

ಸಾಹೇಬರಿಗೆ ಮೈ ಉರಿಯಿತು. ತೂಕಡಿಸುವವರ, ಬೆರಳು ನೆಕ್ಕುವವರ ಮುಂದೆ ತಮಗಾಗಿ ರಿಯಾಯಿತಿ ಕೇಳುವುದೇ? "ನಿಯಮ ಅಂದ್ರೆ ನಿಯಮ. ನನಗೊಂದು, ಊರಿಗೊಂದು ಇಲ್ಲ," ಎಂದು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಎದ್ದರು. ಯಾರಾದರೂ ತಡೆದಾರೆಂದು ಬಾಗಿಲ ಬಳಿ ತುಸು ನಿಂತರು. ಪುಟ ತಿರುವುವ ಸದ್ದು ಕೇಳಿತು, ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು. ಆ ಮುದುಕ ಡ್ರೈವರ್ ಅಲ್ಲಿ ಕೂತು, ತಾನೇ ಕೊಂಡು ತಂದ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಓದುತ್ತಿದ್ದ. ಅವನು ದಿನವೂ ಅಲ್ಲಿ ಕೂರುತ್ತಾನೆಂಬುದೇ ಸಾಹೇಬರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಒಳಗೆ ಸೇರಿದರೆ ಸಂಜೆ ಬೀಗ ಹಾಕುವಾಗಲೇ ಅವರು ಹೊರಬರುವುದು. ಅವರು ಮೆಟ್ಟಿಲಿಳಿಯುತ್ತ ಕೆಮ್ಮಿ ಕೆಮ್ಮಿ ಸುಸ್ತಾಗಿ ಗೋಡೆ ಹಿಡಿದರು.

"ಎಷ್ಟು ದಿನದಿಂದ?" ಪತ್ರಿಕೆಯಿಂದ ಕಣ್ಣು ತೆಗೆಯದೆ ಡ್ರೈವರ್ ಕೇಳಿದ.

"ಮೂರು ವಾರ."

"ನಂದು ಎರಡು ತಿಂಗಳು ಹಿಡೀತು."

"ಹೋಯ್ತಲ್ಲ. ಮತ್ತೆ ಒಳಗೆ ಬರಬಹುದಿತ್ತು. ಗುಣ ಆದ ಮೇಲೆ ಬನ್ನಿ ಅಂತ ತಾನೇ ಬರೆದಿರೋದು."

ಡ್ರೈವರ್ ಈಗ ತಲೆ ಎತ್ತಿ ಅವರನ್ನು ಮೇಲಿಂದ ಕೆಳಗೆ ನೋಡಿದ. ಸಿಟ್ಟಿನ ನೋಟವಲ್ಲ, ಚಪ್ಪಲಿಗೆ ಏನೋ ಮೆತ್ತಿಕೊಂಡಾಗ ನೋಡುವಂಥದ್ದು. "ನೀವಿರೋ ಕಡೆಗಾ?" ಎಂದು ಮತ್ತೆ ಪತ್ರಿಕೆಗೆ ಮರಳಿದ.

ಸಾಹೇಬರ ಬಾಯಿಗೆ ಉತ್ತರ ಬಂತು. ಅದರ ಹಿಂದೆಯೇ ಕೆಮ್ಮೂ ಬಂತು, ಉತ್ತರ ಅದರಲ್ಲೇ ಕೊಚ್ಚಿಹೋಯಿತು. ಒಳಗೆ ಹೋಗುವ ಹಾಗಿಲ್ಲ, ಮನೆಗೆ ಹೋಗುವ ಮನಸ್ಸಿಲ್ಲ. ಅವರು ಕೆಳಗಿನ ಮೆಟ್ಟಿಲ ಮೇಲೆ ಕುಳಿತರು.

"ಆ ಕಡೆ ಸರ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ತೀರಿ."

ಸರಿದರು. ರಸ್ತೆಯಲ್ಲಿ ಹೋಗುವವರು ಯಾರೂ ಅವರನ್ನು ಗಮನಿಸಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈಗಳು ಮೊಣಕಾಲ ಮೇಲೆ ಚಡಪಡಿಸಿದವು. ಕೊನೆಗೆ, ಮೂವತ್ತು ವರ್ಷ ಊರಿಗೆಲ್ಲ ಪತ್ರಿಕೆ ಎತ್ತಿಕೊಟ್ಟವರು, "ಒಂದು ಹಾಳೆ ಕೊಡ್ತೀರಾ?" ಎಂದು ಕೇಳಿದರು. ಆ ದನಿ ತಮ್ಮದೇ ಎಂದು ಒಪ್ಪಿಕೊಳ್ಳಲು ಅವರಿಗೇ ನಾಚಿಕೆಯಾಯಿತು.

ಡ್ರೈವರ್ ನಿಧಾನವಾಗಿ ಹುಡುಕಿ, ನಡುವಿನಿಂದ ಟೆಂಡರು ಪ್ರಕಟಣೆಗಳ ಹಾಳೆ ಎಳೆದು ಕೊಟ್ಟ. "ಇದನ್ನ ಮಾತ್ರ ಓದೋದು ಬಿಟ್ಟಿದೀನಿ. ನೀವೇ ಇಟ್ಕೊಳ್ಳಿ."

ಸಾಹೇಬರು ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡರು. ಕೆಮ್ಮು ಬಂತು. ಅಭ್ಯಾಸದಂತೆ ಬಾಯಿಗೆ ಹೋದ ಕರವಸ್ತ್ರದೊಳಗೇ ಎದೆ ತುಂಬ ಕೆಮ್ಮಿ, ವಾರೆಗಣ್ಣಿನಿಂದ ಪಕ್ಕಕ್ಕೆ ನೋಡಿದರು. ಡ್ರೈವರ್ ತಲೆ ಎತ್ತಲಿಲ್ಲ. ಗಾಳಿಗೆ ಹಾರುತ್ತಿದ್ದ ಪತ್ರಿಕೆಯ ಅಂಚನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ಪುಟ ತಿರುವಿದ. ಸಾಹೇಬರು ಮೊದಲ ಟೆಂಡರಿನ ಮೊದಲ ಸಾಲಿನಿಂದ ಓದಲು ಶುರುಮಾಡಿದರು.